ಮೊದಲ ಪಾಲು

ಗುರಲಿಂಗಪ್ಪ ಗೋಡೆಯ ಮೇಲಿನ ಫೋಟೋ ಇಳಿಸಿ ಅದರ ಗಾಜನ್ನು ಹೊಸ ಅಂಗಿಯ ತುದಿಯಿಂದ ಒರೆಸುವುದನ್ನು ರಾಚವ್ವ ಒಲೆಯ ಮುಂದೆ ನಿಂತು ನೋಡಿದಳು. ಅಂಗಿ ಹೊಲಸಾಗುತ್ತದೆ ಅನ್ನಬೇಕೆಂದುಕೊಂಡವಳ ಕಣ್ಣು ಫೋಟೋಕ್ಕೆ ಹೋಯಿತು. ಫೋಟೋದಲ್ಲಿ ಇಪ್ಪತ್ತೊಂದರ ರಾಚವ್ವ ಕುರ್ಚಿಯ ಅಂಚಿನಲ್ಲಿ ಕೂತಿದ್ದಾಳೆ. ಎರಡು ತೊಡೆಯ ಮೇಲೆ ಎರಡು ಕೂಸು. ಎಡಗಡೆಯದು ಅರಸನ ಮನೆಯ ಕೂಸು, ಈಗ ಸಮುದ್ರದಾಚೆಯ ಒಂದು ಅರಬ್ ದೇಶಕ್ಕೆ ತಾನೇ ಅರಸ. ಬಲಗಡೆಯದು ಗುರಲಿಂಗಪ್ಪ ಎಂದು ಈ ಮನೆಯಲ್ಲಿ, ಜೋಗೇಶ್ವರಿಯ ಈ ಚಾಳಿನಲ್ಲಿ, ಅವನು ದುಡಿಯುವ ಲೇಥ್ ಕಾರಖಾನೆಯಲ್ಲಿ ಎಲ್ಲರಿಗೂ ಗೊತ್ತು. ಅದು ಹಾಗಲ್ಲವೆಂದು ಗೊತ್ತಿರುವವಳು ಈ ಊರಿನಲ್ಲಿ ಈಗ ಅವಳೊಬ್ಬಳೇ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿದೆ. ಬಲಗಡೆಯ ಕೂಸನ್ನು ನಿಜವಾಗಿ ಹೆತ್ತವಳು, ಆಗ ಪಕ್ಕದ ಖೋಲಿಯಲ್ಲಿದ್ದ ವಿನೋದಿನಿ, ಯಾವ ಕಾಲದಲ್ಲೋ ಮಗನನ್ನು ಕಟ್ಟಿಕೊಂಡು ಮಂಗಳೂರಿನ ಕಡೆ ಹೊರಟುಹೋದಳು.

"ಅಜ್ಜಿ, ಅವರು ಪಪ್ಪಾಗೆ ಭಾಯಿ ಅಂದ್ರೆ ನಂಗೆ ಏನ್ ಆಗ್ತಾರೆ? ಚಾಚಾ?" ಎಂದು ಮೊಮ್ಮಗಳು ನಿಶಾ ಕೇಳಿದಳು. ಅವಳ ಕನ್ನಡ ಒಂದೊಂದೇ ಮೆಟ್ಟಿಲು ಇಳಿದಂತೆ ಬರುತ್ತಿತ್ತು.

"ಚಾಚಾ ಯಾಕ ಆಗ್ತಾನ, ಕಾಕಾ ಆಗ್ತಾನ," ಎಂದ ಗುರಲಿಂಗಪ್ಪ. "ನಾ ಅವನಕಿಂತ ಒಂದ ತಿಂಗಳ ದೊಡ್ಡಾಂವ. ಅರಸ ಆದ್ರೇನು, ನನಗ ತಮ್ಮನ."

"ಪಪ್ಪಾ, ಆಧಾರ್‌ನಲ್ಲಿ ನೀನು ಚಿಕ್ಕವನು ಇದ್ದಿ. ಮೂರು ಸಾಲ್."

"ಸಾಲ್ಯಾಗ ಮಾಸ್ತರ ತಪ್ಪ ಬರದಾನಂತ ಎಷ್ಟ ಸರತಿ ಹೇಳ್ಬೇಕು ನಿನಗ? ಕೇಳ ಅಜ್ಜಿನ್ನ."

ರಾಚವ್ವ ಹೋಳಿಗೆ ಮಗುಚಿದಳು. ಶೇಂಗಾ ಹೋಳಿಗೆ, ನಾಲ್ಕು ಸಾಕೆಂದು ಶುರು ಮಾಡಿದ್ದು ಹನ್ನೆರಡಾಗಿತ್ತು. ಮಾಸ್ತರನ ತಪ್ಪು ಎಂದು ಮೊದಲು ಹೇಳಿದವಳು ಅವಳೇ. ಹುಡುಗ ಒಂಬತ್ತು ವರ್ಷದವನಿದ್ದಾಗ ಫೋಟೋದ ಕೆಳಗಿನ ತಾರೀಖು ಓದಿ ಬೆರಳು ಮಡಚಿ ಎಣಿಸಿ ಅವಳ ಮುಂದೆ ಬಂದು ನಿಂತಿದ್ದ. ಆ ಮಾಸ್ತರ ಸತ್ಯವಂತ, ಬಡವ, ಈಗ ಯಾವ ಲೋಕದಲ್ಲಿದ್ದಾನೋ. ಅವನ ಮೇಲೆ ಹೊರಿಸಿದ ಆ ಒಂದು ಮಾತನ್ನು ಹೊತ್ತುಕೊಂಡು ಅವಳ ಮಗ ಬೆಳೆದು ದೊಡ್ಡವನಾಗಿ ತಲೆ ನರೆಸಿಕೊಂಡ. ಕಾರಖಾನೆಯಲ್ಲಿ ಅವನನ್ನು 'ರಾಜಾಸಾಬ್' ಎಂದು ಕರೆಯುತ್ತಾರೆ. ಚಹಾ ತರಲು ಹೋದರೆ, ರಾಜಾಸಾಬ್ ಸ್ವತಃ ಹೊರಟರು, ದಾರಿ ಬಿಡ್ರೋ ಅನ್ನುತ್ತಾರೆ. ಅವನು ನಗುತ್ತಾನೆ. ಆ ನಗೆಯೊಳಗೆ ಅವನು ಅದನ್ನು ಅರ್ಧ ನಂಬಿಯೂ ಇದ್ದಾನೆಂಬುದು ಅವಳಿಗೆ ಗೊತ್ತು. ಎಂಟನೆಯ ಇಯತ್ತೆಗೆ ಸಾಲೆ ಬಿಟ್ಟು ಮನೆಯ ಭಾರ ಹೆಗಲಿಗೇರಿಸಿಕೊಂಡಾಗಲೂ, "ಹಿರೇ ಮಗ ನಾನು, ನಾನಲ್ಲದ ಮತ್ಯಾರು," ಎಂದಿದ್ದ. ವರ್ಷಕ್ಕೊಮ್ಮೆ ಈದ್ ಹಬ್ಬಕ್ಕೆ ಬಂಗಾರದ ಮುದ್ರೆಯ ಕಾಗದ ಬರುತ್ತಿತ್ತು. 'ನನ್ನ ಹಾಲಿನ ತಾಯಿಗೆ, ನನ್ನ ಹಾಲಿನ ಅಣ್ಣ ಗುರಲಿಂಗಪ್ಪನಿಗೆ' ಎಂದು ಅದರ ಶುರುವಾತು. ಈ ಸಲ ಅದರ ಜೊತೆ ಫೋನೂ ಬಂತು. ಅರಸರು ಒಂದು ದಿನದ ಮಟ್ಟಿಗೆ ಮುಂಬಯಿಗೆ ಬರುತ್ತಿದ್ದಾರೆ. ತಾಯಿಯನ್ನೂ ಅಣ್ಣನನ್ನೂ ನೋಡಬೇಕಂತೆ.

ಲೋಕಲ್ಲಿನಲ್ಲಿ ಗುರಲಿಂಗಪ್ಪ ಅವಳಿಗೆ ಕಿಟಕಿಯ ಕಡೆ ಜಾಗ ಮಾಡಿಸಿಕೊಟ್ಟು, ಚೀಲದಲ್ಲಿಟ್ಟ ಫೋಟೋಕ್ಕೆ ಯಾರ ಮೊಳಕೈಯೂ ತಾಗದಂತೆ ತಾನು ನಿಂತ. ಇವನಿಗೆ ಈಗಲೇ ಹೇಳಿಬಿಡಲೇ ಎಂದು ರಾಚವ್ವ ಅಂಧೇರಿಯಲ್ಲಿ ಯೋಚಿಸಿದಳು. ಬಾಂದ್ರಾದಲ್ಲಿ ಯೋಚಿಸಿದಳು. ಜನ ನುಗ್ಗಿದರು, ಮಗ ಇನ್ನಷ್ಟು ಬಾಗಿ ಚೀಲವನ್ನು ಎದೆಗೆ ಅವಚಿಕೊಂಡ. ಹೇಳದಿದ್ದರೆ ಅರಸ ಇವನನ್ನು ತಬ್ಬಿಕೊಂಡು ಅಣ್ಣಾ ಅನ್ನುತ್ತಾನೆ. ಅನ್ನಲಿ, ಯಾರ ಗಂಟೇನು ಹೋಗುತ್ತದೆ? ಹೀಗೆ ಅಂದುಕೊಂಡ ಕೂಡಲೇ ಎದೆಯೊಳಗಿಂದ ಯಾರೋ, ಹಂಗಾದರೆ ನನ್ನ ಗಂಟು, ಎಂದು ಕೇಳಿದಂತಾಗುತ್ತಿತ್ತು. ಹೇಳಿದರೆ ಇವನು ಏನಾಗಿ ಉಳಿಯುತ್ತಾನೆ? ನಲವತ್ತನಾಲ್ಕು ವರ್ಷ ಇನ್ನೊಬ್ಬನ ಹೆಸರು, ಇನ್ನೊಬ್ಬನ ವಯಸ್ಸು, ಇನ್ನೊಬ್ಬನ ಮುಖ ಇಟ್ಟುಕೊಂಡು ಬದುಕಿದವನು.

ದಾದರ್ ಬಂತು. ನಲವತ್ತೇಳು ವರ್ಷದ ಹಿಂದೆ ಇದೇ ದಾದರಿನ ಒಂದು ನರ್ಸಿಂಗ್ ಹೋಮಿನ ಉದ್ದನೆಯ ಓಣಿಯಂಥ ವರಾಂಡವನ್ನು ಅವಳು ಒರೆಸುತ್ತಿದ್ದಳು, ಮೊಣಕಾಲ ಮೇಲೆ ಕೂತು ಹಿಂದೆ ಹಿಂದೆ ಸರಿಯುತ್ತ. ಅವಳ ಕೂಸು ಇಪ್ಪತ್ತಾರು ದಿನವಿದ್ದು ಸೆಟೆರೋಗ ಹಿಡಿದು ಸತ್ತುಹೋಗಿ ಒಂಬತ್ತು ದಿನವಾಗಿತ್ತು. ಗಂಡ ಅದನ್ನು ತನ್ನ ಧೋತರದ ತುಂಡಿನಲ್ಲಿ ಸುತ್ತಿ ಒಯ್ದವನು ಕೈ ಬೀಸಿಕೊಂಡು ಬಂದಿದ್ದ. ಎಲ್ಲಿ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಳೆ ನೋಡಲು ಬಂದ ಅರಬರು ಮೇಲಿನ ಎರಡು ಅಂತಸ್ತು ಪೂರಾ ಹಿಡಿದಿದ್ದರು. ಅವರ ದೇಶದಲ್ಲಿ ಮಳೆಯೇ ಇಲ್ಲವಂತೆ. ಮುದಿ ಅರಸ ಮಾಳಿಗೆಗೆ ಹೋಗಿ ಬಿಳಿ ನಿಲುವಂಗಿ ಮೈಗಂಟುವ ತನಕ ನೆನೆದು ಚಿಕ್ಕವರ ಹಾಗೆ ನಗುತ್ತಿದ್ದನೆಂದು ಸಿಸ್ಟರುಗಳು ಬಾಯಿಗೆ ಸೆರಗು ಹಿಡಿದು ಹೇಳುತ್ತಿದ್ದರು. ಅವನ ಸಣ್ಣ ಸೊಸೆ ದಿನ ತುಂಬುವ ಮೊದಲೇ ಹೆತ್ತು ಜ್ವರದಲ್ಲಿ ಮಲಗಿದ್ದಳು. ಕೂಸು ಬಾಟಲಿ ಮುಟ್ಟದೆ ಅಳುತ್ತಿತ್ತು. ಆ ಅಳು ಬಾಗಿಲಾಚೆಯಿಂದ ಬಂದಾಗಲೆಲ್ಲ ರಾಚವ್ವನ ಕುಪ್ಪಸ ಒದ್ದೆಯಾಗುತ್ತಿತ್ತು. ಅವಳು ಸೆರಗು ಹೊದ್ದು, ಸೆರಗೂ ನೆನೆದು, ನಾಚಿಕೆಯಿಂದ ಬಕೆಟಿನ ನೀರನ್ನು ತಾನೇ ಮೈಮೇಲೆ ಚೆಲ್ಲಿಕೊಂಡಳು. ಗದ್ದದ ಮೇಲೆ ಹಚ್ಚೆಯಿದ್ದ ಆ ಕೂಸಿನ ಅಜ್ಜಿ ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿದ್ದಳು. ಮುದುಕಿ ಕೂಸು ಆಡಿಸುವಂತೆ ಕೈಮಾಡಿ, ನಿನ್ನದೆಲ್ಲಿ ಎಂದು ಕೇಳಿದಳು. ಆ ಒಂಬತ್ತು ದಿನದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಆ ಪ್ರಶ್ನೆಗೆ ನೆಲದ ಕಡೆ ಬೆರಳು ಮಾಡಲು ರಾಚವ್ವನಿಂದಾಗಲಿಲ್ಲ. ಕೈ ತಾನಾಗಿಯೇ ಎದ್ದು, ಚಾಳಿನ ದಿಕ್ಕು ತೋರಿಸಿತು. ಮನೆಯಲ್ಲಿದೆ. ಅಷ್ಟೇ ಆದದ್ದು. ನಾಲಿಗೆ ಸುಳ್ಳಾಡಲಿಲ್ಲ, ಕೈ ಆಡಿತು.

ಕೈಯಾಡಿದ ಸುಳ್ಳಿಗೆ ಮರುದಿನ ಕೂಸು ಬೇಕಾಯಿತು. ಮುದುಕಿ ಹಾಲೂಡಿಸಲು ಅವಳನ್ನು ಕರೆದಳು, ಆದರೆ ತನ್ನ ಮೊಮ್ಮಗನನ್ನು ಹಾಗೇ ಅವಳ ಮಡಿಲಿಗೆ ಕೊಡಲು ಒಪ್ಪಲಿಲ್ಲ. ತಾಯಿಯ ಹಾಲಿನ ಮೊದಲ ಪಾಲು ಅವಳ ಸ್ವಂತ ಕೂಸಿನದು, ಅದನ್ನು ಕರೆದುಕೊಂಡು ಬಾ, ನನ್ನ ಕಣ್ಣೆದುರು ಅದು ಕುಡಿಯಲಿ, ಉಳಿದದ್ದು ನಮಗೆ ಎಂದಳು. ವಿನೋದಿನಿ ಎರಡು ತಿಂಗಳ ತನ್ನ ಮನೀಶನನ್ನು ಎತ್ತಿಕೊಟ್ಟಳು. "ಕೊಂಡೋಗು ಮಾರಾಯ್ತಿ, ನನಗೂ ಎರಡು ಗಳಿಗೆ ನಿದ್ರೆ ಆಗ್ತದೆ," ಎಂದಿದ್ದಳು. ಮನೀಶ ಬಲಗಡೆ ಕುಡಿದ. ಅರಸನ ಮನೆಯ ಕೂಸು ಎಡಗಡೆ. ಅದು ಹೊಟ್ಟೆ ತುಂಬ ಕುಡಿದು ಬಿಟ್ಟಾಗ ಮುದುಕಿ ಕಿಟಕಿಯ ಕಟ್ಟೆಯ ಮೇಲೆ ಒಂದು ಖರ್ಜೂರದ ಬೀಜ ಇಟ್ಟಳು. ಹೀಗೆ ಐದು ಸಲ ಆದ ಮೇಲೆ, ಐದು ಬೀಜ ಸಾಲಾಗಿ ಕೂತ ಮೇಲೆ, ನೆಲ ಒರೆಸುವ ರಾಚವ್ವನ ಹಣೆಗೆ ಮುತ್ತಿಟ್ಟು ಅವಳನ್ನು ತಾಯಿ ಎಂದಳು. ಇನ್ನು ಮೇಲೆ ಇವಳು ಈ ಹುಡುಗನಿಗೆ ತಾಯಿ, ಇವಳು ಹೆತ್ತವರೆಲ್ಲ ಇವನಿಗೆ ಒಡಹುಟ್ಟು, ಅದು ನಮ್ಮಲ್ಲಿ ರಕ್ತದಷ್ಟೇ ಗಟ್ಟಿ ಎಂದು ಅಲ್ಲಿದ್ದ ದುಭಾಷಿ ತಿಳಿಸಿ ಹೇಳಿದ. ನಿನ್ನ ಮಗನ ಹೆಸರೇನು? ಬರೆದುಕೊಳ್ಳಲು ಒಬ್ಬ ಪುಸ್ತಕ ಹಿಡಿದು ಕೂತಿದ್ದ, ಫೋಟೋ ತೆಗೆಯಲು ಇನ್ನೊಬ್ಬ ಕ್ಯಾಮೆರಾ ಹಿಡಿದು ನಿಂತಿದ್ದ. ರಾಚವ್ವನ ಬಾಯಿಂದ ಬಂದದ್ದು ಸತ್ತ ಕೂಸಿನ ಹೆಸರು. ಗುರಲಿಂಗಪ್ಪ. ಮೂರು ವರ್ಷದ ಮೇಲೆ ಗಂಡು ಹುಟ್ಟಿದಾಗ ಗಂಡ, "ನಮ್ಮಪ್ಪನ ಹೆಸರ ಹೋಗಬಾರದು, ಅದನ್ನ ಇಡೂಣು," ಎಂದ. ಅವಳು ಹೂಂ ಅಂದಳು. ಮಾವನ ಮೇಲಿನ ಭಕ್ತಿಗೆ ಹೂಂ ಅಂದಳೋ, ಹೋದವನ ನೆನಪಿಗೋ, ಟ್ರಂಕಿನಲ್ಲಿದ್ದ ಬಂಗಾರದ ಮುದ್ರೆಯ ಕಾಗದಗಳಿಗೆ ಒಬ್ಬ ವಾರಸುದಾರ ಸಿಕ್ಕನೆಂದೋ, ಅವಳಿಗೆ ಇವತ್ತಿಗೂ ತಿಳಿಯದು. ಮೂರೂ ಇದ್ದಿರಬೇಕು.

ಸಮುದ್ರದ ದಂಡೆಯ ಆ ಹೋಟೆಲಿನ ಬಾಗಿಲಲ್ಲಿ ಅವರ ಚೀಲ ಬಿಚ್ಚಿಸಿದರು. ಫೋಟೋದ ಹಿಂದಿನ ರಟ್ಟನ್ನು ಬಡಿದು ನೋಡಿದರು. ಹೋಳಿಗೆಯ ಡಬ್ಬಿ ತೆಗೆದು ಮೂಸಿ, ಇದು ಒಳಗೆ ಹೋಗುವುದಿಲ್ಲ ಎಂದು ಒಬ್ಬ ಪಕ್ಕಕ್ಕೆ ಇಟ್ಟುಕೊಂಡ. "ಘರ್ ಕಾ ಹೈ ಸಾಬ್, ಮಾ ನೇ ಬನಾಯಾ," ಎಂದ ಗುರಲಿಂಗಪ್ಪ. ಮನೆಯದು, ಅವ್ವ ಮಾಡಿದ್ದು ಎನ್ನುವಾಗ ಅವನ ದನಿ ಸಣ್ಣದಾಗಿತ್ತು. ಲೇಥಿನ ಎಣ್ಣೆ ಎಷ್ಟು ತಿಕ್ಕಿದರೂ ಹೋಗದ ಅವನ ಉಗುರುಗಳನ್ನು ಆ ಮನುಷ್ಯ ನೋಡುತ್ತಿದ್ದ. ಮಗ ಕೈಗಳನ್ನು ಕಿಸೆಗೆ ಇಳಿಬಿಟ್ಟ. ರಾಚವ್ವ ಅದನ್ನು ಕಂಡಳು. ಈ ಕೈಗಳು ಅವಳಿಗೆ ಮೂವತ್ತು ವರ್ಷ ಅನ್ನ ಹಾಕಿವೆ.

ಅರಸ ಕೋಲೂರಿಕೊಂಡು ಬಂದ. ಗಡ್ಡದಲ್ಲಿ ಬಿಳುಪು, ದಪ್ಪ ಮೈ, ನಡೆದರೆ ಬಲಮೊಣಕಾಲಿಗೆ ನೋವು. ಹಿಂದೆ ಇಬ್ಬರು ಗಂಡಸರು, ಒಬ್ಬ ಡಾಕ್ಟರು, ಒಬ್ಬ ವಯಸ್ಸಾದ ದುಭಾಷಿ. ಅವನು ಬಾಗಿ ಅವಳ ನೆತ್ತಿಗೆ ತುಟಿ ಮುಟ್ಟಿಸಿದ. ರಾಚವ್ವ ಏನನ್ನೂ ಯೋಚಿಸದೆ ಎರಡೂ ಕೈಯಿಂದ ಅವನ ಮುಖ ಹಿಡಿದು ಬಲಗಿವಿಯ ಹಿಂದೆ ನೋಡಿದಳು. ಇತ್ತು, ಎಳ್ಳಿನಷ್ಟು ಕರಿಮಚ್ಚೆ. ಹಿಂದಿದ್ದವರು ಒಂದು ಹೆಜ್ಜೆ ಮುಂದೆ ಬಂದರು, ಅರಸ ಕೈಯೆತ್ತಿ ಅವರನ್ನು ನಿಲ್ಲಿಸಿದ. ತನ್ನ ಕಿವಿಯ ಹಿಂದೆ ಏನಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ಬೆರಳಿನಿಂದ ತಡವಿಕೊಂಡು ನಕ್ಕ.

ಅವನು ಹೆಚ್ಚು ಮಾತಿನವನಲ್ಲ. ಆದರೂ ಅವತ್ತು ಆಡಿದ. ಹೆತ್ತ ತಾಯಿ ಅವನ ಒಂಬತ್ತನೆಯ ವರ್ಷಕ್ಕೆ ತೀರಿಕೊಂಡಳು. ಹಚ್ಚೆಯ ಅಜ್ಜಿಯೇ ಸಾಕಿದಳು. ನಿನ್ನ ಎಲುಬು ಮುಂಬಯಿಯ ಹಾಲಿನದು, ಹಾಗಾಗಿ ನಿನಗೆ ಹಟ ಹೆಚ್ಚು ಎಂದು ಬೈಯುತ್ತಿದ್ದಳು. ಮೂವರು ಗಂಡುಮಕ್ಕಳು, ಅವರಿಗೆ ಮಳೆ ಬೇಡ, ಹಿಮ ಬೇಕು, ಬೇಸಿಗೆಗೆ ಬೇರೆ ದೇಶಗಳಿಗೆ ಹೋಗುತ್ತಾರೆ. ಮಗಳು ಡಾಕ್ಟರು, ಅವಳೊಬ್ಬಳು ಮಾತ್ರ ಎದುರು ಮಾತಾಡುತ್ತಾಳೆ. ಅಷ್ಟು ಹೇಳಿ ಅವಳ ಕಡೆ ಬಾಗಿ ಏನೋ ಕೇಳಿದ. ದುಭಾಷಿ ಹಿಂದಿಯಲ್ಲಿ, "ಮಾಜೀ, ಹುಜೂರ್ ಪೂಛತೇ ಹೈಂ, ನಾನು ಚಿಕ್ಕವನಿದ್ದಾಗ ಬಹಳ ಅಳುತ್ತಿದ್ದೆನೇ ಎಂದು. ಇದನ್ನು ಕೇಳಲು ಅವರಿಗೆ ಬೇರೆ ಯಾರೂ ಉಳಿದಿಲ್ಲ," ಎಂದ.

"ರೋತಾ ಥಾ? ಕಾಟತಾ ಥಾ!" ಎಂದಳು ರಾಚವ್ವ. ಅಳುವುದೇನು, ಕಚ್ಚುತ್ತಿದ್ದ. ದುಭಾಷಿ ಇದನ್ನು ಹೇಳಬಹುದೇ ಎಂದು ಅನುಮಾನಿಸಿ ಕೊನೆಗೆ ಹೇಳಿದ. ಅರಸನ ಹೊಟ್ಟೆ ಕುಲುಕಿತು. ಡಾಕ್ಟರನೂ ನಕ್ಕ.

ಆಮೇಲೆ ಅರಸ ಗುರಲಿಂಗಪ್ಪನ ಕಡೆ ತಿರುಗಿದ. ಅವನ ಹೆಗಲ ಮೇಲೆ ಕೈಯಿಟ್ಟು, ಅವನು ಮುಚ್ಚಿಟ್ಟ ಕೈಗಳನ್ನು ಕಿಸೆಯಿಂದ ತಾನೇ ಹೊರಗೆಳೆದು ಹಿಡಿದುಕೊಂಡ. ಅಮ್ಮ ನನಗೇನೂ ತರಲಿಲ್ಲವೇ ಎಂದು ಕೇಳಿದ. ಬಾಗಿಲಲ್ಲಿ ಇಟ್ಟುಕೊಂಡರು ಎಂದು ಗುರಲಿಂಗಪ್ಪ ಹೇಳಿದ. ಅರಸ ತಿರುಗಿ ಒಂದೇ ಒಂದು ಮಾತು ಅಂದ. ಒಬ್ಬ ಓಡಿದ, ಡಬ್ಬಿ ಬಂತು. ಡಾಕ್ಟರು ಸಕ್ಕರೆಯ ಮಾತೆತ್ತಿದ್ದನ್ನು ಅರಸ ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದು ಹೋಳಿಗೆ ಎತ್ತಿ ಎರಡು ಮಾಡಿದ. ಒಂದು ತುಂಡನ್ನು ಗುರಲಿಂಗಪ್ಪನ ಅಂಗೈಯಲ್ಲಿಟ್ಟು ತಾನು ತಿನ್ನದೆ ಕಾದು ನಿಂತ. ದುಭಾಷಿ ತಲೆಬಾಗಿಸಿ, "ಪೆಹಲೇ ಆಪ್. ಮೊದಲ ಪಾಲು ಅಣ್ಣನದು. ಅಜ್ಜಿ ಹಾಗೇ ಕಲಿಸಿದ್ದಾರಂತೆ," ಎಂದ.

ಮಗ ಬಾಯಿಯ ಹತ್ತಿರ ಕೈ ಒಯ್ಯುತ್ತಿದ್ದ. ಅವನ ಮುಖದಲ್ಲಿ ಅಂಥ ಬೆಳಕನ್ನು ರಾಚವ್ವ ಅವನ ಮದುವೆಯ ದಿನವೂ ಕಂಡಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಒಂದು ತುತ್ತು, ಅದು ಇಳಿದುಹೋಗುತ್ತದೆ, ಮನೆಗೆ ಹೋಗಬಹುದು. ಆದರೆ ಆ ಮೊದಲ ಪಾಲು ಇನ್ನೊಮ್ಮೆ, ತನ್ನ ಕಣ್ಣೆದುರಿಗೆ, ಅದರ ಧಣಿಯನ್ನು ಬಿಟ್ಟು ಇನ್ನೊಬ್ಬರಿಗೆ ಹೋಗುತ್ತಿತ್ತು. ಹಾಲು ಕೊಟ್ಟಳು, ಹೆಸರು ಕೊಟ್ಟಳು, ಫೋಟೋದೊಳಗಿನ ತೊಡೆಯನ್ನೂ ಕೊಟ್ಟಳು. ಸತ್ತ ಆ ಕೂಸಿಗೆಂದು ಅವಳು ಇಟ್ಟುಕೊಂಡದ್ದು ಏನು?

"ಗುರು, ತಡಿ," ಎಂದಳು. "ನಾ ಒಂದ ಮಾತ ಹೇಳತೀನಿ. ಅದನ್ನ ಅವರಿಗೆ ಹೇಳು. ಬಿಡದ ಹೇಳು."

ತರಕಾರಿ ಕೊಂಡು ಕಲಿತ ಅವಳ ಹಿಂದಿಗೆ ಆ ಮಾತು ಹೇಳುವಷ್ಟು ಶಕ್ತಿ ಇತ್ತು. ಆದರೆ ಹಿಂದಿಯಲ್ಲಿ ಹೇಳಿದರೆ ಕೋಣೆಯವರೆಲ್ಲ ಒಟ್ಟಿಗೇ ಕೇಳುತ್ತಾರೆ. ಇವನು ಮೊದಲು ಕೇಳಬೇಕು, ಇವನ ಮಾತಿನಲ್ಲಿಯೇ ಕೇಳಬೇಕು.

"ಆ ಫೋಟೋದಾಗಿನ ಕೂಸು ನೀ ಅಲ್ಲ."

ಗುರಲಿಂಗಪ್ಪ ಇನ್ನೂ ನಗುತ್ತಲೇ ಇದ್ದ. "ಏನಂತಿ ಅವ್ವ?"

"ಅದು ಬಾಜೂ ಖೋಲಿ ವಿನೋದಿನಿ ಮಗ. ನೀ ಆಗ ಹುಟ್ಟೇ ಇರಲಿಲ್ಲ. ಮೂರ ವರ್ಷ ಆದಮ್ಯಾಲ ಹುಟ್ಟಿದಿ. ಸಾಲ್ಯಾಗ ಮಾಸ್ತರ ಬರದದ್ದು ಖರೇನ ಐತಿ. ನಿನಗಿಂತ ಮೊದಲ ಒಬ್ಬಾಂವ ಇದ್ದ. ಇಪ್ಪತ್ತಾರ ದಿನ ಇದ್ದ, ಹ್ವಾದ. ಇವರು ಕುಡದದ್ದು ಅವನ ಹಾಲು. ನಿನಗ ಇಟ್ಟದ್ದು ಅವನ ಹೆಸರು. ನಾ ಎಲ್ಲಾರಿಗೂ ಸುಳ್ಳ ಹೇಳೀನಿ. ನಿನಗ ಎಲ್ಲಾರಕಿಂತ ಹೆಚ್ಚ ಹೇಳೀನಿ."

ನಗೆ ಅವನ ತುಟಿಯ ಮೇಲೆ ಇನ್ನೂ ಸ್ವಲ್ಪ ಹೊತ್ತು, ಮರೆತು ಬಿಟ್ಟುಹೋದ ವಸ್ತುವಿನ ಹಾಗೆ ಉಳಿದಿತ್ತು. ಹೋಳಿಗೆಯ ತುಂಡು ಕೈಯಲ್ಲಿತ್ತು. "ಕ್ಯಾ ಫರ್ಮಾಯಾ ಮಾಜೀ ನೇ?" ಎಂದು ದುಭಾಷಿ ಕೇಳಿದ. ಅರಸನೂ ಕಾಯುತ್ತಿದ್ದ. ಆ ಕೋಣೆಯಲ್ಲಿ ಕನ್ನಡ ಬಲ್ಲವರು ಅವರಿಬ್ಬರೇ. ಮಗ ಏನು ಬೇಕಾದರೂ ಹೇಳಬಹುದಿತ್ತು. ಅವ್ವನಿಗೆ ಸಂತೋಷವಾಗಿದೆ, ಅರಸರಿಗೆ ನೂರು ವರ್ಷ ಆಯಸ್ಸಿರಲಿ ಅನ್ನುತ್ತಿದ್ದಾಳೆ ಎಂದಿದ್ದರೆ ಮುಗಿಯುತ್ತಿತ್ತು. ಅದು ಅವನಿಗೂ ಹೊಳೆಯಿತೆಂದು ಅವಳಿಗೆ ಕಂಡಿತು. ಹೊಳೆದದ್ದು, ತೂಗಿದ್ದು, ಎಲ್ಲ. ಹಾಗೆ ಹೇಳಲಿ ಎಂದು ಅವಳ ಜೀವವೇ ಒಂದು ಕ್ಷಣ ಬೇಡಿಕೊಂಡಿತು.

ಗುರಲಿಂಗಪ್ಪ ಕೈಯಲ್ಲಿದ್ದ ತುಂಡನ್ನು ಮತ್ತೆ ಡಬ್ಬಿಯೊಳಗೆ, ಉಳಿದವುಗಳಿಗೆ ತಾಗದಂತೆ ಒಂದು ಮೂಲೆಯಲ್ಲಿಟ್ಟ. ಆಮೇಲೆ ದುಭಾಷಿಯನ್ನು ಬಿಟ್ಟು ನೇರವಾಗಿ ಅರಸನನ್ನೇ ನೋಡುತ್ತ, "ಹಮ್ ದೋನೋಂ ಕಾ ಏಕ್ ಬಡಾ ಭಾಯಿ ಥಾ," ಎಂದ. ನಮ್ಮಿಬ್ಬರಿಗೂ ಒಬ್ಬ ಅಣ್ಣ ಇದ್ದ. ಮುಂದಿನದನ್ನು ತಡೆತಡೆದು ಪೂರಾ ಹೇಳಿದ, ಒಂದನ್ನೂ ಬಿಡಲಿಲ್ಲ. ಫೋಟೋದ ಮಾತನ್ನೂ ಹೇಳಿದ. ಆ ಮಾತು ಹೇಳುವಾಗ ಮಾತ್ರ ಅವನ ಕಣ್ಣು ಒಮ್ಮೆ ಚೀಲದ ಕಡೆ ಹೋಯಿತು.

ಅರಸ ದುಭಾಷಿಯ ಬಾಯಿಂದ ಎಲ್ಲವನ್ನೂ ಕೇಳಿ, ಕೋಲೂರಿ ಕುರ್ಚಿಯಲ್ಲಿ ಕೂತ. ಆ ಅಣ್ಣನ ಹೆಸರು ಕೇಳಿದ. ನನ್ನದೇ ಹೆಸರು ಎಂದು ಗುರಲಿಂಗಪ್ಪನೇ ಹೇಳಿದ. ಎಲ್ಲಿ ಮಲಗಿದ್ದಾನೆ ಎಂದು ಅರಸ ಕೇಳಿದ. "ಗೊತ್ತಿಲ್ಲ. ಅವರಪ್ಪ ಒಯ್ದ. ನಾ ಕೇಳಲಿಲ್ಲ," ಎಂದಳು ರಾಚವ್ವ. ಮಗ ಅದನ್ನೂ ಹಿಂದಿಯಲ್ಲಿ ಹೇಳಿದ. ಅರಸ ಮೆಲ್ಲಗೆ ಏನೋ ಅಂದ. ದುಭಾಷಿ ಕಣ್ಣೊರೆಸಿಕೊಂಡು, "ಹುಜೂರರ ಇಬ್ಬರು ಒಡಹುಟ್ಟಿದವರೂ ಹಾಗೇ ಅಂತೆ, ಮರಳಿನಲ್ಲಿ, ಗುರುತಿಲ್ಲದೆ. ಅವರ ತಂದೆಯದೂ ಗುರುತಿಲ್ಲ. ಅವರಲ್ಲಿ ಅರಸನಿಗೂ ಕಲ್ಲು ನೆಡುವುದಿಲ್ಲ," ಎಂದ. ಅರಸ ಎರಡೂ ಅಂಗೈ ಮೇಲೆ ಮಾಡಿ ತುಟಿಯಲ್ಲಿ ಏನೋ ಹೇಳಿಕೊಂಡು ಮುಖ ಸವರಿಕೊಂಡ. ಗುರಲಿಂಗಪ್ಪನಿಗೆ ಏನು ಮಾಡಬೇಕೋ ತಿಳಿಯದೆ ಕೊರಳಿನ ಲಿಂಗದ ಕರಡಿಗೆಯನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡ. ಹಾಲೂಡಿದ ತಾಯಿ ಹೆತ್ತ ಮಕ್ಕಳೆಲ್ಲ, ಹಿಂದಿನವರಿರಲಿ ಮುಂದಿನವರಿರಲಿ, ಹಾಲು ಕುಡಿದವನಿಗೆ ಒಡಹುಟ್ಟೇ ಎಂದು ದುಭಾಷಿ ಕೊನೆಗೆ ತಿಳಿಸಿದ. ಮುದುಕಿ ಅವತ್ತೇ ಹೇಳಿದ್ದ ಮಾತು. ನಲವತ್ತೇಳು ವರ್ಷ ರಾಚವ್ವ ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಂಡಿರಲಿಲ್ಲ. ಹಿಂದಿದ್ದವನು ಗಡಿಯಾರ ನೋಡಿದ. ಅರಸ ಏಳುವಾಗ ಕೋಲು ಜಾರಿತು. ಗುರಲಿಂಗಪ್ಪ ತಟ್ಟನೆ ರಟ್ಟೆ ಹಿಡಿದು ನಿಲ್ಲಿಸಿದ.

ಚರ್ಚ್‌ಗೇಟಿನಲ್ಲಿ ಬೊರಿವಲಿಯ ಸ್ಲೋ ಲೋಕಲ್ ಖಾಲಿ ನಿಂತಿತ್ತು. ಮಧ್ಯಾಹ್ನದ ಹೊತ್ತು. ಇಬ್ಬರೂ ಅಕ್ಕಪಕ್ಕ ಕೂತರು. ಮರೀನ್ ಲೈನ್ಸ್ ಹೋಯಿತು, ಗ್ರಾಂಟ್ ರೋಡ್ ಹೋಯಿತು. ಬೈಯಲಿ, ಚೀಲ ಕಿಟಕಿಯಾಚೆ ಎಸೆಯಲಿ, ನಡುವೆಯೇ ಇಳಿದು ಹೋಗಲಿ ಎಂದು ರಾಚವ್ವ ಒಂದೊಂದು ಸ್ಟೇಷನ್ನಿಗೂ ಸಿದ್ಧವಾಗಿ ಕೂತಳು. ಮಾಹಿಮ್ ದಾಟಿ ಖಾಡಿಯ ಕೊಳಚೆನೀರಿನ ನಾತ ಒಳಗೆ ಬಂದಾಗ ಅವನು ಕೇಳಿದ.

"ಅವ್ವ, ಅವನ ಮಾರಿ ಹೆಂಗಿತ್ತು?"

ಅವಳು ಕಣ್ಣು ಮುಚ್ಚಿ ಹುಡುಕಿದಳು. ಫೋಟೋದ ಕೂಸೇ ಬಂತು, ಮನೀಶನ ಗುಂಡು ಮುಖ. ಅದನ್ನು ಸರಿಸಿದಳು, ಮತ್ತೆ ಅದೇ ಬಂತು. "ಮಾರಿ ನೆನಪಿಲ್ಲೋ ಯಪ್ಪಾ," ಎಂದಳು. ಅಷ್ಟು ಹೇಳುವುದು ಆ ಕೋಣೆಯಲ್ಲಿ ಹೇಳಿದ್ದಕ್ಕಿಂತ ಕಷ್ಟವಾಯಿತು. "ಕುಡಿವಾಗ ಎಡಗಾಲಿಲೆ ಒದೀತಿತ್ತು. ಅದೊಂದ ಐತಿ ನೋಡು, ಇಲ್ಲಿ," ಎಂದು ಪಕ್ಕೆಲುಬಿನ ಕೆಳಗೆ ಕೈಯಿಟ್ಟು ತೋರಿಸಿದಳು.

"ಮತ್ತ ಆ ಅರಸ?"

"ಹೇಳಲಿಲ್ಲೇನು? ಕಚ್ಚತಿದ್ದ ಭಾಡ್ಯಾ."

"ನಾನು?"

"ನೀ? ಬಾಯಾಗ ಇಟ್ಟ ತಡಾ ಇಲ್ಲ, ನಿದ್ದಿ. ಕಿವಿ ತಿಕ್ಕಿ ಎಬ್ಬಿಸಿ ಎಬ್ಬಿಸಿ ಕುಡಿಸ್ತಿದ್ದೆ. ನಿನ್ನಷ್ಟ ಸೋಮಾರಿ ಕೂಸ ನಾ ನೋಡಿಲ್ಲ."

ಗುರಲಿಂಗಪ್ಪ ಮೂಗಿನಲ್ಲೇ ನಕ್ಕ. ಬಾಂದ್ರಾದಲ್ಲಿ ಜನ ಹತ್ತಿದರು. ಅವನು ಸರಿದು ಜಾಗ ಮಾಡಿಕೊಟ್ಟ, ಈಗ ಅವನ ಭುಜ ಅವಳ ಭುಜಕ್ಕೆ ಒತ್ತಿ ಕೂತಿತ್ತು. ಅವನು ಏನನ್ನೋ ಬೆರಳು ಮಡಚಿ ಎಣಿಸುವಂತೆ ಮಾಡಿ, "ಮೊದಲ ಅವ. ಆಮ್ಯಾಲ ಅರಸ. ಆಮ್ಯಾಲ ನಾನು. ಹಂಗಾದ್ರ ಎಲ್ಲಾರಕಿಂತ ಸಣ್ಣಾಂವ ನಾನ ಅಂದಂಗಾತು," ಎಂದ.

"ಹೂಂನೋ. ಎಲ್ಲಾರಕಿಂತ ಸಣ್ಣಾಂವ."

ಖಾರ್ ಬರುವಷ್ಟರಲ್ಲಿ ನರೆತ ಅವನ ತಲೆ ಅವಳ ಹೆಗಲಿಗೆ ವಾಲಿತು. ಮೊದಲು ಹಗುರಾಗಿ, ಆಮೇಲೆ ಪೂರಾ ಭಾರ ಬಿಟ್ಟು. ಎದುರು ಕೂತ ಹೆಂಗಸು ನೋಡಿ ಮುಗುಳ್ನಕ್ಕಳು. ರಾಚವ್ವ ತೊಡೆಯ ಮೇಲಿನ ಚೀಲ ಕೆಳಗಿಟ್ಟು, ಅವನ ಕತ್ತು ನೋಯದಂತೆ ತುಸು ಕೆಳಗೆ ಸರಿದು ಕೂತಳು. ಅಂಧೇರಿ ಹೋಯಿತು. ಜೋಗೇಶ್ವರಿ ಬಂತು. ಬಾಗಿಲ ಹತ್ತಿರ ಇಳಿಯುವವರು ಒಬ್ಬರನ್ನೊಬ್ಬರು ದೂಡುತ್ತಿದ್ದರು. ಅವಳು ಎಬ್ಬಿಸಲಿಲ್ಲ. ಬೊರಿವಲಿಯತನಕ ಹೋಗಿ, ಅದೇ ಗಾಡಿಯಲ್ಲಿ ತಿರುಗಿ ಬಂದರಾಯಿತು ಅಂದುಕೊಂಡಳು.